ಇಳಿಬಿಸಿಲು, ನಿಂತ ನೀರು, ಸುಮ್ಮನೆ ಕೂತ ಒಬ್ಬಾತ: ತೈಲವರ್ಣದಲ್ಲಿ ರಮ್ಯ ಭೂದೃಶ್ಯ ಬರೆಯುವ ಬಗೆ

ಮರದಡಿ ಒಬ್ಬನನ್ನು ಒರಗಿಸಿ, ಹಿಂದೆ ಕೆಂಪಗೆ ಸೂರ್ಯನನ್ನು ಇಟ್ಟ ಮಾತ್ರಕ್ಕೆ ಚಿತ್ರಕ್ಕೆ ಸೋಮಾರಿ ಸಂಜೆಯ ಕಳೆ ಬರುವುದಿಲ್ಲ. ಆ ಬಗೆಯ ಕ್ಯಾಲೆಂಡರ್ ಚಿತ್ರಗಳು ರಾಶಿ ಇವೆ, ಕಣ್ಣು ತೆಗೆದೊಡನೆ ಮರೆತೂ ಹೋಗುತ್ತವೆ. 19ನೇ ಶತಮಾನದ ಮೊದಲರ್ಧದ ರೊಮ್ಯಾಂಟಿಕ್ ಭೂದೃಶ್ಯಗಳ ಮುಂದೆ ಮನಸ್ಸು ತಾನಾಗಿ ನಿಧಾನವಾಗುತ್ತದಲ್ಲ, ಅದಕ್ಕೆ ವಸ್ತುವಿಗಿಂತ ಅಳತೆಗಳೇ ಹೆಚ್ಚು ಕಾರಣ. ಗಾಢ-ತಿಳಿಗಳ ನಡುವೆ ಅಂತರ ಕಡಿಮೆ, ಅಂಚುಗಳು ಕರಗಿವೆ, ಬೆಳಕು ಒಂದೇ ಕಡೆ ನಿಂತಿದೆ, ಬೇಡದ್ದನ್ನೆಲ್ಲ ಬಿಟ್ಟಿದ್ದಾರೆ. ಇಷ್ಟೂ ಅಭ್ಯಾಸದಿಂದ ಕೈಗೆ ಬರುವ ಕೆಲಸವೇ.

ಇಲ್ಲಿ ಹೇಳುವುದು 16×24 ಇಂಚಿನ ಅಡ್ಡ ಕ್ಯಾನ್ವಾಸಿಗೆ. ಎಡಕ್ಕೆ ಮರಗಳ ಗುಂಪು, ನಡುವೆ ನಿಂತ ನೀರು, ಆಚೆಗೆ ಮಬ್ಬು ಗುಡ್ಡ, ಎದುರಿನಿಂದ ಬರುವ ಬೆಳಕು, ದಡದಲ್ಲಿ ಕೂತ ಒಬ್ಬ ವ್ಯಕ್ತಿ. ಕೈಕೆಲಸ ಹತ್ತು-ಹನ್ನೆರಡು ಗಂಟೆ. ಒಣಗಲು ಬಿಡುವ ದಿನಗಳೂ ಸೇರಿದರೆ ಮೂರು ವಾರ ಹಿಡಿಯುತ್ತದೆ.

ಮೊದಲು ನೋಡುವುದು

ಎದುರು ಬೆಳಕಿನ ದೃಶ್ಯವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಅದನ್ನೇ ನಕಲು ಮಾಡಿದರೆ ಕೆಲಸ ಅಲ್ಲಿಗೇ ಕೆಡುತ್ತದೆ. ಕ್ಯಾಮೆರಾ ಒಂದೋ ಆಕಾಶವನ್ನು ಬೆಳ್ಳಗೆ ಸುಟ್ಟುಹಾಕುತ್ತದೆ, ಇಲ್ಲವೇ ಮರಗಳನ್ನು ಇದ್ದಿಲಾಗಿಸುತ್ತದೆ. ಕಣ್ಣಿಗೆ ಕಂಡ ಮಧ್ಯದ ಮಬ್ಬು ಎರಡರಲ್ಲೂ ಇರುವುದಿಲ್ಲ. ಅದೇ ಮೊಬೈಲಿಗೆ ಇನ್ನೊಂದು ಉಪಯೋಗವಿದೆ. ಪರದೆ ಆರಿಸಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಆ ಕಪ್ಪು ಗಾಜಿನಲ್ಲಿ ಹಿಂದಿನ ದೃಶ್ಯದ ಪ್ರತಿಬಿಂಬ ನೋಡಿ. ಸೂರ್ಯನ ಬಿಂಬ ಮಾತ್ರ ಗಾಜಿನಲ್ಲಿ ಬೀಳದಂತೆ ಓರೆ ಹಿಡಿಯಿರಿ, ಕಣ್ಣಿಗೆ ಅಪಾಯ. ಸಣ್ಣ ವಿವರಗಳು ಅಳಿಸಿಹೋಗಿ ನಾಲ್ಕೈದು ದೊಡ್ಡ ಆಕಾರಗಳಷ್ಟೇ ಉಳಿಯುತ್ತವೆ. 18ನೇ ಶತಮಾನದ ಪ್ರವಾಸಿಗಳೂ ಚಿತ್ರಕಾರರೂ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದ ‘ಕ್ಲೋಡ್ ಗಾಜು’ ಎಂಬ ಉಬ್ಬಿದ ಕಪ್ಪು ಕನ್ನಡಿ ಮಾಡುತ್ತಿದ್ದುದೂ ಇದನ್ನೇ. ಸೂರ್ಯನನ್ನು ನೋಡುಗನ ಎದುರಿಗೇ ಇಟ್ಟು ಹೊಂಬಣ್ಣದ ಚಿತ್ರ ಬರೆದ 17ನೇ ಶತಮಾನದ ಕ್ಲೋಡ್ ಲೊರೇನನ ಹೆಸರು ಅದಕ್ಕೆ. ಇಂಗ್ಲಿಷ್ ಚಿತ್ರಕಾರ ಟರ್ನರ್ ತನ್ನ ಎರಡು ಚಿತ್ರಗಳನ್ನು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಕ್ಲೋಡನ ಎರಡು ಚಿತ್ರಗಳ ಪಕ್ಕದಲ್ಲೇ ತೂಗುಹಾಕಬೇಕೆಂದು ಉಯಿಲಿನಲ್ಲಿ ಬರೆದಿಟ್ಟಿದ್ದ. ಎದುರು ಬೆಳಕು ಬರೆಯುವವರಿಗೆಲ್ಲ ಮೊದಲ ಪಾಠ ಕ್ಲೋಡನೇ.

ಜಾಗದಲ್ಲಿ ಕೂತು ಪೆನ್ಸಿಲಿನಲ್ಲಿ 2×3 ಇಂಚಿನ ಮೂರು ಸಣ್ಣ ಕರಡು ಮಾಡಿಕೊಳ್ಳಿ, ಒಂದಕ್ಕೆ ಐದು ನಿಮಿಷ ಮೀರದಂತೆ. ಪಕ್ಕದಲ್ಲಿ ಹೊತ್ತು, ಗಾಳಿಯ ದಿಕ್ಕು, ಮೋಡ ಯಾವ ಬಗೆಯದು ಎಂದು ಎರಡು ಸಾಲು ಬರೆದಿಡಿ. ಕಾನ್‌ಸ್ಟೆಬಲ್ ಎಂಬ ಇಂಗ್ಲಿಷ್ ಚಿತ್ರಕಾರ 1821-22ರಲ್ಲಿ ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ ಬರೆದ ಮೋಡಗಳ ಅಭ್ಯಾಸಚಿತ್ರಗಳ ಹಿಂಬದಿಯಲ್ಲಿ ಇಂಥ ಟಿಪ್ಪಣಿಗಳಿವೆ. ವಾರದ ಮೇಲೆ ಬಣ್ಣ ಕಲಸುವಾಗ ಫೋಟೊಗಿಂತ ಆ ಎರಡು ಸಾಲು ಹೆಚ್ಚು ನೆನಪು ತರುತ್ತವೆ.

ದಿಗಂತ ಎಲ್ಲಿ, ಸೂರ್ಯ ಎಷ್ಟು ದೊಡ್ಡದು

ದಿಗಂತದ ಗೆರೆಯನ್ನು ಕೆಳಗಿನಿಂದ 5½ ಇಂಚಿಗೆ ಎಳೆಯಿರಿ. ಮೇಲೆ 10½ ಇಂಚು ಆಕಾಶಕ್ಕೆ ಸಿಗುತ್ತದೆ. ನಡುವಿಗೆ ಎಳೆದರೆ ಚಿತ್ರ ಎರಡು ಹೋಳಾಗಿ, ಕಣ್ಣು ಮೇಲಕ್ಕೂ ಕೆಳಕ್ಕೂ ತಾಕಲಾಡುತ್ತದೆ. ಜರ್ಮನ್ ಚಿತ್ರಕಾರ ಫ್ರೀಡ್ರಿಖ್‌ನ ‘ಕಡಲ ತೀರದ ಸನ್ಯಾಸಿ’ಯಲ್ಲಿ (1808-10) ದಿಗಂತ ಇನ್ನೂ ಕೆಳಗಿದೆ. ಆ ಚಿತ್ರದಲ್ಲಿ ಆತ ಮೊದಲು ಹಡಗುಗಳನ್ನೂ ಇಟ್ಟುಕೊಂಡಿದ್ದ, ಆಮೇಲೆ ಅಳಿಸಿಹಾಕಿದ. ನಿಮ್ಮ ಕರಡಿನಲ್ಲಿ ದೋಣಿ, ಹಕ್ಕಿಸಾಲು, ಗುಡಿಸಲು ಮೂರೂ ಇದ್ದರೆ ಎರಡನ್ನಂತೂ ತೆಗೆಯಿರಿ. ಹಕ್ಕಿಸಾಲನ್ನು ಮೊದಲು.

ಸೂರ್ಯನ ಗಾತ್ರದಲ್ಲಿ ಎಲ್ಲರೂ ಎಡವುತ್ತಾರೆ. ಆಕಾಶದಲ್ಲಿ ಸೂರ್ಯಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. 24 ಇಂಚಿನ ಕ್ಯಾನ್ವಾಸಿನಲ್ಲಿ 45 ಡಿಗ್ರಿಯಷ್ಟು ನೋಟ ಹಿಡಿಸಿದ್ದೀರಿ ಎಂದುಕೊಂಡರೆ ಸೂರ್ಯ ಕಾಲು ಇಂಚು, ಅಂದರೆ 6-7 ಮಿಲಿಮೀಟರ್. ಶರ್ಟಿನ ಗುಂಡಿಗಿಂತ ಚಿಕ್ಕದು! ಒಂದೂವರೆ ಇಂಚಿನ ಸೂರ್ಯ ಬರೆದೊಡನೆ ಸುತ್ತಲ ಬಯಲು ಆಟಿಕೆಯಾಗಿಬಿಡುತ್ತದೆ. ಬಿಂಬವನ್ನು ಎಡಗಡೆಯಿಂದ 9 ಇಂಚು, ದಿಗಂತದಿಂದ 3 ಇಂಚು ಮೇಲೆ, ಮರದ ಎಲೆಗಳು ವಿರಳವಾಗುವ ಅಂಚಿನಲ್ಲಿ ಇಡಿ, ಅರ್ಧ ಮರೆಯಾಗಿಯೇ ಇರಲಿ.

ಮರ ಮತ್ತು ಮನುಷ್ಯರ ಎತ್ತರಕ್ಕೂ ಲೆಕ್ಕವಿದೆ. ಸಮತಟ್ಟು ನೆಲದಲ್ಲಿ ನಿಂತು ನೋಡುವವನ ಕಣ್ಣು ನೆಲದಿಂದ ಸುಮಾರು 5 ಅಡಿ ಮೇಲಿರುತ್ತದೆ, ದಿಗಂತವೂ ಅದೇ ಎತ್ತರದಲ್ಲಿ ಹಾದುಹೋಗುತ್ತದೆ. ಹಾಗಾಗಿ ಯಾವುದೇ ವಸ್ತುವಿನ ಬುಡದಿಂದ ದಿಗಂತದವರೆಗಿನ ಅಂತರ ಎಂದರೆ ಆ ಜಾಗದಲ್ಲಿ 5 ಅಡಿ. ಮರದ ಬುಡ ದಿಗಂತಕ್ಕಿಂತ 1 ಇಂಚು ಕೆಳಗಿದ್ದರೆ 40 ಅಡಿಯ ಮರ 8 ಇಂಚು ಎತ್ತರ ಬರುತ್ತದೆ. ಈ ಗುಣಾಕಾರ ಮಾಡದೆ ಕಣ್ಣಂದಾಜಿನಲ್ಲಿ ಬರೆದರೆ ಮರ ಪೊದೆಯಾಗುತ್ತದೆ, ಮನುಷ್ಯ ರಾಕ್ಷಸನಾಗುತ್ತಾನೆ.

ಟೋನಿನ ಮೆಟ್ಟಿಲು

ಟೋನ್ ಎಂದರೆ ಬಣ್ಣ ಯಾವುದೇ ಇರಲಿ, ಅದು ಎಷ್ಟು ತಿಳಿ, ಎಷ್ಟು ಗಾಢ ಎಂಬ ಲೆಕ್ಕ. ಅತಿ ಗಾಢಕ್ಕೆ 1, ಅತಿ ತಿಳಿಗೆ 9 ಎಂದು ಇಟ್ಟುಕೊಳ್ಳಿ. ಈ ಚಿತ್ರದಲ್ಲಿ ಸೂರ್ಯನ ಸುತ್ತ 9, ಆಕಾಶದ ಮೇಲ್ಭಾಗ 6, ದೂರದ ಗುಡ್ಡ 6ರಿಂದ 7, ನೀರು 6ರಿಂದ 8, ಮರಗುಂಪು 4, ಮುಂದಿನ ದಡ 3. ಎರಡನೇ ಮೆಟ್ಟಿಲು ಬುಡದ ನೆರಳಿನಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆಯಷ್ಟು. ಒಂದನ್ನು ಮುಟ್ಟಲೇಬೇಡಿ.

ಬೆಳಕು ಸಾಲದು ಅನ್ನಿಸಿದಾಗ ಕೈ ತಾನಾಗಿ ಬಿಳಿ ಟ್ಯೂಬಿಗೆ ಹೋಗುತ್ತದೆ. ಬಿಳಿ ಹೆಚ್ಚಿದಷ್ಟೂ ಬಣ್ಣ ಸುಣ್ಣದಂತಾಗುತ್ತದೆ, ಬೆಳಕು ಮಾತ್ರ ಹೆಚ್ಚುವುದಿಲ್ಲ. ಅಂಥ ಹೊತ್ತಿನಲ್ಲಿ ಆಕಾಶದ ಮೂಲೆಗಳನ್ನು ಅರ್ಧ ಮೆಟ್ಟಿಲು ಇಳಿಸಿ ನೋಡಿ. ಮಧ್ಯ ತಾನೇ ಹೊತ್ತಿಕೊಳ್ಳುತ್ತದೆ.

ಸಾಮಗ್ರಿ

ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಕ್ಯಾಡ್ಮಿಯಂ ಯೆಲ್ಲೋ ಲೈಟ್, ರಾ ಸಿಯೆನ್ನಾ, ಬರ್ನ್ಟ್ ಸಿಯೆನ್ನಾ, ರಾ ಅಂಬರ್, ಕ್ವಿನಾಕ್ರಿಡೋನ್ ರೋಸ್, ಕೋಬಾಲ್ಟ್ ಬ್ಲೂ, ಅಲ್ಟ್ರಾಮರೀನ್. ಒಂಬತ್ತೇ ಟ್ಯೂಬು. ಕಪ್ಪು ಬೇಡ, ಟ್ಯೂಬಿನ ಹಸಿರೂ ಬೇಡ. ಗಟ್ಟಿ ಕೂದಲಿನ ಚಪ್ಪಟೆ ಬ್ರಷ್ 8 ಮತ್ತು 10, ತುದಿ ದುಂಡಗಿರುವ ಫಿಲ್ಬರ್ಟ್ 4 ಮತ್ತು 6, ಉದ್ದ ಕೂದಲಿನ ರಿಗರ್ ಒಂದು, ಒಂದೂವರೆ ಇಂಚಿನ ಮೆತ್ತನೆಯ ಮಾಪ್ ಬ್ರಷ್ ಒಂದು. ಮಾಪ್ ಬ್ರಷ್‌ನಲ್ಲಿ ಜುಗ್ಗತನ ಬೇಡ. ಅಗ್ಗದ್ದು ಕೂದಲು ಉದುರಿಸುತ್ತದೆ, ಹಸಿ ಆಕಾಶದಿಂದ ಕೂದಲು ಹೆಕ್ಕುತ್ತ ಕೂರುವುದು ಶಿಕ್ಷೆ. ಜೊತೆಗೆ ವಾಸನೆ ಕಡಿಮೆ ಇರುವ ಥಿನ್ನರ್, ಲಿನ್ಸೀಡ್ ಎಣ್ಣೆ, ಕಲಸಲು ನೈಫ್, ನೂಲು ಬಿಡದ ಹಳೇ ಹತ್ತಿ ಬಟ್ಟೆ.

ಅಂಗಡಿಯ ಕ್ಯಾನ್ವಾಸಿಗೆ ಜೆಸ್ಸೊ ಎಂಬ ಬಿಳಿ ತಳಬಣ್ಣವನ್ನು ಇನ್ನೆರಡು ತೆಳು ಕೋಟ್ ಹಚ್ಚಿ, ಒಣಗಿದ ಮೇಲೆ 220 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರಾಗಿ ಉಜ್ಜಿ. ನೇಯ್ಗೆ ಎದ್ದು ಕಂಡರೆ ಮಬ್ಬು ಆಕಾಶ ಗೋಣಿಚೀಲದಂತೆ ಕಾಣುತ್ತದೆ. ಮೇಲೆ ರಾ ಸಿಯೆನ್ನಾವನ್ನು ಥಿನ್ನರಿನಲ್ಲಿ ಚಹಾದ ನೀರಿನಷ್ಟು ತೆಳುಮಾಡಿ ಬಳಿದು, ಬಟ್ಟೆಯಿಂದ ಒರೆಸಿ. ಹೊಂಬಣ್ಣದ ತೆಳು ಪೊರೆ ಉಳಿದರೆ ಸಾಕು. ಮುಂದೆ ಅಲ್ಲಲ್ಲಿ ಇದು ಇಣುಕುತ್ತದೆ, ಇಡೀ ಚಿತ್ರಕ್ಕೆ ಒಂದೇ ಗಾಳಿ ಕೊಡುತ್ತದೆ. ಒಂದು ದಿನ ಒಣಗಲಿ.

ಹಗಲು ಬೆಳಕಿನಲ್ಲೇ ಕೆಲಸ ಮಾಡಿ, ಆಗದಿದ್ದರೆ 5000 ಕೆಲ್ವಿನ್ನಿನ ಬಲ್ಬು ಹಾಕಿ. ಹಳದಿ ಬಲ್ಬಿನಡಿ ಹದವಾಗಿ ಕಂಡ ಆಕಾಶ ಬೆಳಗ್ಗೆ ಎದ್ದು ನೋಡಿದರೆ ನೀಲಿಗಟ್ಟಿರುತ್ತದೆ.

ಆಕಾಶ, ಒಂದೇ ಕೂರುವಿಕೆಯಲ್ಲಿ

ಆಕಾಶವನ್ನು ಎರಡು ದಿನಕ್ಕೆ ಹಂಚಬೇಡಿ. ಹಸಿ ಬಣ್ಣ ಹಸಿ ಬಣ್ಣದೊಳಗೆ ಕರಗಬೇಕು. ಎರಡರಿಂದ ಮೂರು ಗಂಟೆ ಬಿಡುವು ಮಾಡಿಕೊಂಡೇ ಶುರುಮಾಡಿ, ಕ್ಯಾನ್ವಾಸ್ ಮುಟ್ಟುವ ಮೊದಲೇ ಐದು ಗುಡ್ಡೆ ಬಣ್ಣ ನೈಫಿನಲ್ಲಿ ಕಲಸಿಟ್ಟುಕೊಳ್ಳಿ.

ಮೊದಲ ಗುಡ್ಡೆ, ಸೂರ್ಯನ ಪಕ್ಕಕ್ಕೆ: ಬಿಳಿ 20 ಭಾಗ, ಕ್ಯಾಡ್ಮಿಯಂ ಯೆಲ್ಲೋ 1 ಭಾಗ. ಎರಡನೆಯದು ಬಿಳಿ 12, ಓಕರ್ 2, ಕ್ಯಾಡ್ಮಿಯಂ ಚಿಟಿಕೆ. ಮೂರನೆಯದು ಬಿಳಿ 10, ಓಕರ್ 1, ರೋಸ್ ಕಾಲು ಭಾಗ; ನೋಡಲು ಧೂಳು ಮೆತ್ತಿದ ಗುಲಾಬಿ. ನಾಲ್ಕಕ್ಕೆ ಬಿಳಿ 10, ಕೋಬಾಲ್ಟ್ 1, ರೋಸ್ ಮತ್ತು ಓಕರ್ ಚಿಟಿಕೆ ಚಿಟಿಕೆ. ಐದನೆಯದು ಮೇಲಂಚಿಗೆ: ಬಿಳಿ 6, ಕೋಬಾಲ್ಟ್ 2, ರಾ ಅಂಬರ್ ಸ್ವಲ್ಪ. ಕಂಪನಿಯಿಂದ ಕಂಪನಿಗೆ ಬಣ್ಣದ ಕಸುವು ಬೇರೆಯಾಗುವುದರಿಂದ ಕೊನೆಯ ತೀರ್ಪು ಕಣ್ಣಿನದು. 40 ಮಿಲಿಲೀಟರಿನ ಬಿಳಿ ಟ್ಯೂಬಿನಲ್ಲಿ ಅರ್ಧ ಇಲ್ಲೇ ಖರ್ಚಾಗುತ್ತದೆ. ಅರ್ಧ ದಾರಿಯಲ್ಲಿ ಗುಡ್ಡೆ ಮುಗಿದರೆ ಅದೇ ಬಣ್ಣ ಮತ್ತೆ ಕಲಸುವುದು ಬಹುತೇಕ ಆಗದ ಮಾತು, ಮೊದಲೇ ಧಾರಾಳವಾಗಿ ಕಲಸಿ.

ಸೂರ್ಯನಿಂದ ಶುರುಮಾಡಿ ಹೊರಕ್ಕೆ, 8ನೇ ನಂಬರಿನ ಬ್ರಷ್‌ನಿಂದ ಅಡ್ಡಡ್ಡ ಗೀರುಗಳಲ್ಲಿ ಒಂದೊಂದೇ ಪಟ್ಟೆ ಹಚ್ಚುತ್ತ ಹೋಗಿ. ಪ್ರತಿ ಪಟ್ಟೆಗೂ ಬೇರೆ ಬ್ರಷ್, ಇಲ್ಲವೇ ಒರೆಸಿದ ಬ್ರಷ್. ಮೂರು ಮತ್ತು ನಾಲ್ಕನೇ ಗುಡ್ಡೆ ಯಾಕೆ ಎಂಬುದು ಇಲ್ಲಿ ತಿಳಿಯುತ್ತದೆ. ಹಳದಿ ಆಕಾಶವನ್ನು ನೇರವಾಗಿ ನೀಲಿಗೆ ತಾಗಿಸಿದರೆ ನಡುವೆ ಹಸಿರು ಪಟ್ಟೆ ಹುಟ್ಟುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಗುಲಾಬಿ-ಬೂದು ಪಟ್ಟೆ ಇವೆರಡನ್ನೂ ದೂರ ಇಡುತ್ತದೆ.

ಐದೂ ಪಟ್ಟೆ ಬಿದ್ದ ಮೇಲೆ ಮಾಪ್ ಬ್ರಷ್ ಎತ್ತಿಕೊಳ್ಳಿ. ಅದು ಒಣಗಿರಬೇಕು, ಥಿನ್ನರಿನ ಹನಿಯೂ ತಾಕಿರಬಾರದು. ಹಿಡಿಯ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು, ಕೂದಲ ತುದಿ ಮಾತ್ರ ಸೋಕುವಂತೆ ಓರೆಯಾಗಿ ಗುಣಾಕಾರ ಚಿಹ್ನೆಯ ಗೀರುಗಳಲ್ಲಿ ಎರಡು ಪಟ್ಟೆಗಳ ಸಂದಿಯ ಮೇಲೆ ಓಡಿಸಿ. ನಾಲ್ಕು ಗೀರಿಗೊಮ್ಮೆ ಬಟ್ಟೆಗೆ ಒರೆಸಿ. ತಿಳಿಯಿಂದ ಗಾಢದ ಕಡೆಗೆ ಸಾಗಿ, ಹಿಂದಿರುಗಿ ಬರಬೇಡಿ. ಬ್ರಷ್ ಗುರುತು ಕಾಣದಾಗುವುದಕ್ಕೆ ಸ್ವಲ್ಪ ಮುಂಚೆಯೇ ನಿಲ್ಲಿಸುವುದು ಜಾಣತನ. ಪೂರ್ತಿ ನುಣುಪಾಗಿಸಿದ ಆಕಾಶ ಪ್ಲಾಸ್ಟಿಕ್ ಹಾಳೆ.

ಮೋಡ ಬೇಕಿದ್ದರೆ ಒಂದೆರಡು, ಅಡ್ಡಕ್ಕೆ ಚಾಚಿದ ಎಳೆಯಂತೆ, ನಾಲ್ಕನೇ ಗುಡ್ಡೆಗೆ ಕೊಂಚ ರೋಸ್ ಸೇರಿಸಿ. ಸೂರ್ಯನ ಕಡೆಯ ಅಂಚಿಗೆ ಎರಡನೇ ಗುಡ್ಡೆ. ಗುಂಡಗೆ ಉಬ್ಬಿದ ಹತ್ತಿ ಮೋಡ ಮಧ್ಯಾಹ್ನದ್ದು, ಇಲ್ಲಿ ಅದಕ್ಕೆ ಕೆಲಸವಿಲ್ಲ.

ಗುಡ್ಡ, ಮರ, ನೀರು

ಆಕಾಶ ಹಸಿಯಿರುವಾಗಲೇ ದೂರದ ಗುಡ್ಡ ಇಟ್ಟುಬಿಡಿ. ನಾಲ್ಕನೇ ಗುಡ್ಡೆಯ ಉಳಿಕೆಗೆ ಚೂರು ಅಲ್ಟ್ರಾಮರೀನ್ ಸೇರಿಸಿದರೆ ಬೇಕಾದ ಬಣ್ಣ ಸಿಗುತ್ತದೆ. ಗಾಳಿಯಲ್ಲಿ ಚದುರಿದ ಬೆಳಕು ದೂರದ ಗಾಢ ವಸ್ತುಗಳ ಮೇಲೆ ನೀಲಿ ತೆರೆ ಎಳೆಯುತ್ತದೆ. ಸೂರ್ಯನ ನೇರ ಕೆಳಗೆ ಮಾತ್ರ ಆ ತೆರೆ ಹೊಂಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಒಂದೇ ಗುಡ್ಡ ಬಲಕ್ಕೆ ನೀಲಿ, ಸೂರ್ಯನಡಿ ಓಕರ್. ಗುಡ್ಡದ ಬುಡ ತಲೆಗಿಂತ ತಿಳಿಯಾಗಿರಲಿ, ಮಂಜು ಕೂರುವುದು ತಗ್ಗಿನಲ್ಲಿ.

ಇಲ್ಲಿಗೆ ನಿಲ್ಲಿಸಿ, ನಾಲ್ಕರಿಂದ ಏಳು ದಿನ ಒಣಗಿಸಿ. ಅಂಬರ್ ಬೇಗ ಒಣಗುತ್ತದೆ, ಬಿಳಿಯೂ ಕ್ಯಾಡ್ಮಿಯಂ ಕೂಡ ಸತಾಯಿಸುತ್ತವೆ. ಮೂಲೆಯಲ್ಲಿ ಬೆರಳಿಟ್ಟು ನೋಡಿ, ಅಂಟಬಾರದು.

ಮರಕ್ಕೆ ಅಲ್ಟ್ರಾಮರೀನ್ ಮತ್ತು ರಾ ಸಿಯೆನ್ನಾ ಕಲಸಿದ ಮಂಕು ಹಸಿರು, ನಾಲ್ಕನೇ ಮೆಟ್ಟಿಲಿನಷ್ಟು. ಎಲೆ ಎಣಿಸುವ ಚಟ ಬೇಡ, ಗುಂಪಿನ ಹೊರರೇಖೆ ಸರಿಯಿದ್ದರೆ ಮರ ಅದೇ. ಸೂರ್ಯನ ಹತ್ತಿರದ ಎಲೆಗಳಲ್ಲಿ ಎರಡು ಸಂಗತಿ ಗಮನಿಸಿ. ಬೆಳಕು ಎಲೆಯನ್ನು ಹಾದು ಬರುವಲ್ಲಿ ಹಸಿರು ಹಳದಿಯಾಗಿ ಉರಿಯುತ್ತದೆ, ಅಲ್ಲಿಗೆ ಕ್ಯಾಡ್ಮಿಯಂ ಯೆಲ್ಲೋ, ಅಲ್ಟ್ರಾಮರೀನಿನ ಸುಳಿವಷ್ಟೇ. ಬಿಂಬಕ್ಕೆ ಅಂಟಿಕೊಂಡಿರುವ ಕೊಂಬೆಯನ್ನು ಬೆಳಕು ತಿಂದುಹಾಕುತ್ತದೆ, ಅಲ್ಲಿ ಕಂದುಗೆಂಪು ಬರ್ನ್ಟ್ ಸಿಯೆನ್ನಾ ಹಚ್ಚಿ ಅಂಚನ್ನು ಬೆರಳಿನಿಂದ ತೀಡಿ. ಎಲೆಗಳ ನಡುವೆ ಇಣುಕುವ ಆಕಾಶದ ಕಿಂಡಿಗಳನ್ನು ಬಯಲ ಆಕಾಶಕ್ಕಿಂತ ಅರ್ಧ ಮೆಟ್ಟಿಲು ಗಾಢ ಮಾಡಿ. ಅಷ್ಟೇ ತಿಳಿ ಇಟ್ಟರೆ ಮರದ ಮೇಲೆ ಕಾಗದದ ಚೂರು ಅಂಟಿಸಿದಂತೆ ಕಾಣುತ್ತವೆ.

ನೀರಿಗೆ ಮೂರು ನಿಯಮ. ಪ್ರತಿಬಿಂಬ ವಸ್ತುವಿನ ನೇರ ಕೆಳಗೇ ಬೀಳುತ್ತದೆ, ಓರೆಯಾಗುವುದಿಲ್ಲ, ಓರೆಯಾಗುವುದು ನೆರಳು. ನಿಂತ ನೀರಿನಲ್ಲಿ ಸೂರ್ಯ ದಿಗಂತಕ್ಕಿಂತ 3 ಇಂಚು ಮೇಲಿದ್ದರೆ ಅದರ ಬಿಂಬ 3 ಇಂಚು ಕೆಳಗೆ, ಅದೇ 9 ಇಂಚಿನ ಲಂಬದಲ್ಲಿ. ಇನ್ನು, ನೀರಿನೊಳಗೆ ಗಾಢವಾದದ್ದು ಕೊಂಚ ತಿಳಿಯಾಗುತ್ತದೆ, ತಿಳಿಯಾದದ್ದು ಕೊಂಚ ಗಾಢವಾಗುತ್ತದೆ. ಮೊದಲು ಬಣ್ಣವನ್ನೆಲ್ಲ ಮೇಲಿನಿಂದ ಕೆಳಕ್ಕೆ ಎಳೆದು, ಆಮೇಲೆ ಮಾಪ್ ಬ್ರಷ್‌ನಿಂದ ಒಂದೇ ಒಂದು ಸಲ ಅಡ್ಡಕ್ಕೆ ಸವರಿ. ನೀರು ಮಲಗುತ್ತದೆ.

ಮುಂದಿನ ದಡಕ್ಕೆ ಹೆಚ್ಚು ಮಾತಿಲ್ಲ. ರಾ ಅಂಬರ್, ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್, ಅಗಲ ಗೀರು. ಎದುರು ಬೆಳಕಾದ್ದರಿಂದ ನೆರಳುಗಳು ನೋಡುಗನ ಕಡೆಗೇ ಚಾಚುತ್ತವೆ. ಹುಲ್ಲಿನ ಎಳೆ ರಿಗರ್‌ನಲ್ಲಿ ಏಳೆಂಟು ಸಾಕು.

ಕೂತವನು

ಬಲಗಡೆ, ಎಡದಿಂದ 17 ಇಂಚಿಗೆ, ದಿಗಂತಕ್ಕಿಂತ 2 ಇಂಚು ಕೆಳಗೆ ಕೂರಿಸಿ. ಅಲ್ಲಿ 2 ಇಂಚು ಎಂದರೆ 5 ಅಡಿ. ನೆಲದಲ್ಲಿ ಕೂತ ಮನುಷ್ಯ ಸುಮಾರು 3 ಅಡಿ, ಅಂದರೆ ಚಿತ್ರದಲ್ಲಿ 1.2 ಇಂಚು. ತಲೆ ದಿಗಂತದ ಕೆಳಗೇ ಉಳಿಯಬೇಕು, ನೀರಿನ ತಿಳಿಯ ಎದುರು. ದಿಗಂತ ಸೀಳಿಕೊಂಡು ನಿಂತ ಆಕೃತಿಗೆ ಬೇರೆಯದೇ ಗತ್ತು ಬರುತ್ತದೆ. ಫ್ರೀಡ್ರಿಖ್‌ನ ‘ಮಂಜಿನ ಕಡಲಿನ ಮೇಲಿನ ಅಲೆಮಾರಿ’ (ಸುಮಾರು 1818) ಹಾಗೆ ನಿಂತಿದ್ದಾನೆ, ನೋಡುವವರಿಗೆ ಅವನ ಎತ್ತರವೇ ಮೊದಲು ತಾಗುತ್ತದೆ. ಆದರೆ ಬೆನ್ನು ನಮ್ಮ ಕಡೆಗಿರುವ ಉಪಾಯವನ್ನು ಅಲ್ಲಿಂದ ಎತ್ತಿಕೊಳ್ಳಬಹುದು. ಮುಖ ಕಾಣದಿದ್ದರೆ ಅವನು ಯಾರು ಎಂಬ ಪ್ರಶ್ನೆ ಏಳುವುದಿಲ್ಲ, ಅವನು ನೋಡುತ್ತಿರುವ ಕಡೆಗೆ ನಮ್ಮ ಕಣ್ಣೂ ಹೋಗುತ್ತದೆ.

ಬಿಡುವು ಕಾಣುವುದು ಬೆನ್ನಿನಲ್ಲಿ. ನೆಟ್ಟಗೆ ಕೂತ ಬೆನ್ನು ಕಾಯುತ್ತಿದೆ. ಒಂದು ಕೈ ಹಿಂದಕ್ಕೆ ಊರಿ, ಆ ಕಡೆಯ ಭುಜ ಮೇಲೆದ್ದು, ತಲೆ ಇನ್ನೊಂದು ಬದಿಗೆ ಕೊಂಚ ವಾಲಿದರೆ ಹೊತ್ತು ಹೋದದ್ದೇ ಗೊತ್ತಾಗಿಲ್ಲ. ಕೈಯಲ್ಲಿ ಪುಸ್ತಕ, ಕೊಳಲು, ಗಾಳ ಏನೂ ಬೇಡ, ಕೊಟ್ಟೊಡನೆ ಅವನಿಗೆ ಕೆಲಸ ಸಿಕ್ಕಿತು. ಐದಾರು ಗೀರುಗಳಲ್ಲಿ ಮುಗಿಸಿ, ಸೂರ್ಯನ ಕಡೆಯ ಭುಜಕ್ಕೆ ಎರಡನೇ ಗುಡ್ಡೆಯ ಬಣ್ಣದ ಕೂದಲೆಳೆ ಅಂಚು. ಬಟ್ಟೆಗೆ ಚುಕ್ಕೆಯಷ್ಟು ಮಂಕು ಕೆಂಪು ಇಡಬಹುದು. ಕಾನ್‌ಸ್ಟೆಬಲ್‌ನ ‘ಹೇ ವೇನ್’ನಲ್ಲಿ (1821) ಕುದುರೆಗಳ ಸಜ್ಜಿನ ಕೆಂಪು ಮಾಡುವ ಕೆಲಸವೇ ಇದು: ಅದರ ಎದುರು ಹಸಿರೆಲ್ಲ ಹಸಿರಾಗುತ್ತದೆ.

ಗ್ಲೇಜ್ ಮತ್ತು ಸ್ಕಂಬಲ್

ಇನ್ನೊಂದು ವಾರ ಒಣಗಿಸಿ. ಅಷ್ಟರಲ್ಲಿ ಗಾಢ ಬಣ್ಣಗಳು ಎಣ್ಣೆ ಹೀರಿಕೊಂಡು ಮಂಕಾಗಿರುತ್ತವೆ. ಬಟ್ಟೆಯಲ್ಲಿ ಎರಡು ಹನಿ ಲಿನ್ಸೀಡ್ ಎಣ್ಣೆ ಹಚ್ಚಿ, ಒಣ ಬಟ್ಟೆಯಿಂದ ಒರೆಸಿ ತೆಗೆದರೆ ಬಣ್ಣ ಮರಳುತ್ತದೆ.

ಗ್ಲೇಜ್ ಎಂದರೆ ಪಾರದರ್ಶಕ ಬಣ್ಣದ ತೆಳು ಪೊರೆ. ಅದು ಕೆಳಗಿನದನ್ನು ಬೆಚ್ಚಗಾಗಿಸುತ್ತದೆ, ಜೊತೆಗೆ ಗಾಢವೂ ಮಾಡುತ್ತದೆ. ಎಣ್ಣೆ ಒಂದು ಭಾಗ, ಥಿನ್ನರ್ ಒಂದು ಭಾಗ ಬೆರೆಸಿ, ಅದರಲ್ಲಿ ರಾ ಸಿಯೆನ್ನಾದ ಸುಳಿವಿಟ್ಟು ಸುಣ್ಣವಾಗಿರುವ ಕಡೆ, ಮೂಲೆಗಳಿಗೆ, ಮುಂದಿನ ದಡಕ್ಕೆ ಸವರಿ. ಆಮೇಲೆ ಮುಕ್ಕಾಲು ಪಾಲು ಒರೆಸಿಬಿಡಿ. ಸ್ಕಂಬಲ್ ಇದರ ಎದುರು ದಾರಿ: ಬಿಳಿ, ಓಕರ್, ಚಿಟಿಕೆ ಕೋಬಾಲ್ಟ್ ಬೆರೆತ ಅಪಾರದರ್ಶಕ ಬಣ್ಣವನ್ನು ಬಹುತೇಕ ಒಣ ಬ್ರಷ್‌ನಿಂದ ಉಜ್ಜುವುದು. ಅದು ತಿಳಿ ಮಾಡುತ್ತದೆ, ತಣ್ಣಗಾಗಿಸುತ್ತದೆ. ಗುಡ್ಡದ ಬುಡ, ನೀರಿನ ಆಚೆ ದಡ, ಮರಗುಂಪಿನ ದೂರದ ಬದಿಗೆ ಇದು. ಇವೆರಡನ್ನು ಅದಲುಬದಲು ಮಾಡಿ ಮಂಜಿಗೆ ಗ್ಲೇಜ್ ಹಚ್ಚಿದರೆ ಮಂಜು ಹೊಗೆಯಾಗುತ್ತದೆ.

ಕೆಳ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು. ತಿರುಗಾಮುರುಗಾ ಆದರೆ ಮೇಲ್ಪದರ ಮೊದಲು ಒಣಗಿ, ಕೆಳಗಿನದು ಇನ್ನೂ ಅಲುಗಾಡುತ್ತಿದ್ದು ಬಿರುಕು ಬಿಡುತ್ತದೆ. 19ನೇ ಶತಮಾನದಲ್ಲಿ ಆಳವಾದ ಕಂದಿನ ಆಸೆಗೆ ಬಿಟುಮೆನ್ ಬಳಸಿದವರ ಚಿತ್ರಗಳು ಇಂದು ಮೊಸಳೆ ಚರ್ಮದಂತಿವೆ. ಅದು ಪೂರ್ತಿ ಒಣಗುವ ವಸ್ತುವೇ ಅಲ್ಲ.

ಕೊನೆಗೆ ಚಿತ್ರವನ್ನು ತಲೆಕೆಳಗು ಮಾಡಿ ಹತ್ತಡಿ ದೂರದಿಂದ ನೋಡಿ. ಕಣ್ಣು ಎರಡು ಕಡೆ ಹೋಗಿ ನಿಂತರೆ ಬೆಳಕು ಎರಡಾಗಿದೆ. ಹೆಚ್ಚಾಗಿ ತಪ್ಪಿತಸ್ಥ ನೀರಿನ ಹೊಳಪು, ಅದನ್ನು ಒಂದು ಮೆಟ್ಟಿಲು ಇಳಿಸಿ.

ವಾರ್ನಿಷ್ ಆರು ತಿಂಗಳಿಂದ ವರ್ಷದ ಬಳಿಕ. ಅಲ್ಲಿಯವರೆಗೆ ಗೋಡೆಗೆ ಮುಖ ಮಾಡಿ ಕತ್ತಲಲ್ಲಿ ಇಡಬೇಡಿ, ಲಿನ್ಸೀಡ್ ಎಣ್ಣೆ ಕತ್ತಲಲ್ಲಿ ಹಳದಿಗಟ್ಟುತ್ತದೆ. ಇನ್ನೊಂದು ಮಾತು ಬಟ್ಟೆಗಳದ್ದು. ಲಿನ್ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿದರೆ ಒಣಗುವಾಗಿನ ಬಿಸಿಗೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಹೊರಗೆ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.